ಒಂದು ಶಾಟ್ ಎಷ್ಟು ಹೊತ್ತು ಇರಬೇಕು?

ನನ್ನ ಮೊದಲ ಕಿರುಚಿತ್ರ ಒಂಬತ್ತು ನಿಮಿಷದ್ದು. ಅದನ್ನು ಮುಗಿಸಲು ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ದಿನವೂ ಕೆಲಸಕ್ಕೆ ಹೋಗಿ ಬಂದು, ರಾತ್ರಿ ಮತ್ತು ರಜೆಯಲ್ಲಿ ಮಾತ್ರ ಕೂತು ಮಾಡಿದ ಸಿನಿಮಾ ಅದು. ಕಥೆ, ನಟನೆ, ಬೆಳಕು, ಶಬ್ದ ಅಂತ ಎಲ್ಲದಕ್ಕೂ ತಲೆ ಕೆಡಿಸಿಕೊಂಡೆ. ಆದರೆ ಯಾವ ದಾರಿಯಲ್ಲಿ ಹೋದರೂ ಕೊನೆಗೆ ಎದುರಾಗುತ್ತಿದ್ದುದು ಒಂದೇ ಪ್ರಶ್ನೆ. ಇದನ್ನು ಎಷ್ಟು ಹೊತ್ತು ನೋಡಬೇಕು? ಯಾವಾಗ ಕಟ್ ಮಾಡಬೇಕು?

ಹಗಲು ನಾನು ಮಾಡುವುದೂ ಎಡಿಟಿಂಗೇ. ಫೋನಿನಲ್ಲಿ ನೋಡುವ ಅರ್ಧ ನಿಮಿಷದ ಜಾಹೀರಾತು ವಿಡಿಯೋಗಳು. ಅಲ್ಲಿ ನಿಯಮ ಸರಳ. ಮೊದಲ ಮೂರು ಸೆಕೆಂಡಿನೊಳಗೆ ನೋಡುವವರ ಬೆರಳು ನಿಲ್ಲಬೇಕು. ಅದಕ್ಕೇ ಚಿತ್ರ ಬೇಗ ಬೇಗ ಬದಲಾಗುತ್ತದೆ, ಅಕ್ಷರ ಹಾರಿ ಬರುತ್ತದೆ, ಸಂಗೀತ ಕಿವಿ ಹಿಡಿದು ಎಳೆಯುತ್ತದೆ. ಈ ಕೆಲಸ ನನಗೆ ತುಂಬಾ ಕಲಿಸಿದೆ. ಒಬ್ಬರು ತಲೆ ತಿರುಗಿಸುವಾಗ ಕಟ್ ಮಾಡಿದರೆ ಕಟ್ ಕಾಣುವುದೇ ಇಲ್ಲ. ಮಾತಿನ ಕೊನೆಯ ಪದಕ್ಕೆ ಮೊದಲೇ ಕೇಳುವವರ ಮುಖಕ್ಕೆ ಹೋದರೆ ಮಾತಿಗೆ ತೂಕ ಬರುತ್ತದೆ. ಆದರೆ ದಿನಕ್ಕೆ ಎಂಟು ಗಂಟೆ ಹೀಗೆ ಕತ್ತರಿಸಿದ ಮೇಲೆ ಮನೆಗೆ ಬಂದು ನನ್ನದೇ ಸ್ಕ್ರಿಪ್ಟ್ ತೆರೆದರೆ, ಅಲ್ಲೂ ಅದೇ ಅವಸರ ಕಾಣುತ್ತಿತ್ತು.

ಕಥೆ ಚಿಕ್ಕದು. ಒಂದು ಮನೆಯಲ್ಲಿ ಅಪ್ಪ ಮತ್ತು ಮಗಳು. ಅವಳಿಗೆ ರಾತ್ರಿ ಪಾಳಿ, ಅವರಿಗೆ ಬೆಳಗಿನ ಪಾಳಿ. ದಿನಕ್ಕೆ ಒಂದೇ ಸಲ ಇಬ್ಬರೂ ಬಾಗಿಲಲ್ಲಿ ಎದುರಾಗುತ್ತಾರೆ. ಮನೆಗೆ ಇರುವುದು ಒಂದೇ ಬೀಗದ ಕೈ. ಒಳಗೆ ಬರುವವರು ಹೊರಗೆ ಹೋಗುವವರಿಂದ ಅದನ್ನು ತೆಗೆದುಕೊಳ್ಳುತ್ತಾರೆ. ಮಗಳಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ಆ ಸುದ್ದಿ ಹೇಳಲು ಅವಳಿಗಿರುವುದು ಬಾಗಿಲಲ್ಲಿ ನಿಲ್ಲುವ ಆ ಒಂದೆರಡು ನಿಮಿಷ ಮಾತ್ರ. ಕೊನೆಗೆ ಒಂದು ದಿನ ಅಪ್ಪನೇ ಇನ್ನೊಂದು ಬೀಗದ ಕೈ ಮಾಡಿಸಿ ತಂದು ಅವಳ ಕೈಗೆ ಕೊಡುತ್ತಾರೆ.

ಮೊದಲ ಬರಹದಲ್ಲಿ ಮಗಳಿಗೆ ಒಂದೂವರೆ ಪುಟ ಮಾತಿತ್ತು. ಅಪ್ಪನ ಪಾತ್ರಕ್ಕೆ ಒಪ್ಪಿಕೊಂಡವರು ಪರಿಚಯದ ಒಬ್ಬ ನಿವೃತ್ತ ಮೇಷ್ಟ್ರು. ಕ್ಯಾಮೆರಾ ಮುಂದೆ ಅವರು ಯಾವತ್ತೂ ನಿಂತವರಲ್ಲ. ಮಗಳಾಗಿ ನಟಿಸಿದವಳು ಹವ್ಯಾಸಿ ನಾಟಕ ತಂಡದಲ್ಲಿರುವ ಗೆಳತಿ. ಮೂವರೂ ಕೂತು ಓದಿದೆವು. ಓದಿ ಮುಗಿಸಿದ ಮೇಲೆ ಮೇಷ್ಟ್ರು ಕನ್ನಡಕ ತೆಗೆದಿಟ್ಟು ಕೇಳಿದರು: “ಇಷ್ಟೊಂದು ಮಾತು ಅವಳ ಬಾಯಲ್ಲಿ ಬರೋ ಹಾಗಿದ್ರೆ, ಇಷ್ಟು ದಿನ ಯಾಕಮ್ಮಾ ಸುಮ್ನಿದ್ಲು?”

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಕೆಲವು ವಾರ ಮಾತು ತೆಗೆಯುವುದೇ ಕೆಲಸವಾಯಿತು. ಒಂದು ಮಾತು ತೆಗೆದಾಗಲೆಲ್ಲ ಅಲ್ಲೊಂದು ಜಾಗ ಖಾಲಿಯಾಗುತ್ತಿತ್ತು. ಆ ಜಾಗದಲ್ಲಿ ಅವಳು ಏನು ಮಾಡುತ್ತಾಳೆ ಅಂತ ಯೋಚಿಸಬೇಕಾಗುತ್ತಿತ್ತು. ಚಪ್ಪಲಿ ಬಿಡುತ್ತಾಳೆ. ಬ್ಯಾಗಿನ ಜಿಪ್ ಅರ್ಧ ತೆರೆದು ಮತ್ತೆ ಹಾಕುತ್ತಾಳೆ. ಕೊನೆಗೆ ಒಂದೂವರೆ ಪುಟದಲ್ಲಿ ಉಳಿದದ್ದು ನಾಲ್ಕು ಸಾಲು.

ಈ ಹೊತ್ತಿನಲ್ಲೇ ನಾನು ಸಿನಿಮಾ ನೋಡುವ ರೀತಿಯೂ ಬದಲಾಯಿತು. ಇಷ್ಟವಾದ ಚಿತ್ರವನ್ನು ಮೊದಲು ಸುಮ್ನೆ ಪ್ರೇಕ್ಷಕಳಾಗಿ ನೋಡುತ್ತೇನೆ. ಆಮೇಲೆ ಒಂದು ದೃಶ್ಯ ಆರಿಸಿ, ಸೌಂಡ್ ತೆಗೆದು ನೋಡುತ್ತೇನೆ. ಅದೇ ದೃಶ್ಯವನ್ನು ಕಣ್ಣು ಮುಚ್ಚಿ ಬರೀ ಕೇಳುತ್ತೇನೆ. ಕೊನೆಗೆ ಫೋನಿನ ಸ್ಟಾಪ್‌ವಾಚ್ ಹಿಡಿದು ಒಂದೊಂದು ಶಾಟ್, ಅಂದರೆ ಒಂದು ಕಟ್ ಮತ್ತು ಇನ್ನೊಂದು ಕಟ್ ನಡುವಿನ ತುಣುಕು, ಎಷ್ಟು ಸೆಕೆಂಡು ಅಂತ ಬರೆದುಕೊಳ್ಳುತ್ತೇನೆ. ಇದನ್ನು ಯಾರು ಬೇಕಾದರೂ ಮಾಡಬಹುದು. ಯಾವ ಫಿಲ್ಮ್ ಶಾಲೆಯೂ ಬೇಡ.

ಹೀಗೆ ಲೆಕ್ಕ ಹಾಕಿದಾಗ ಗೊತ್ತಾದ ಒಂದು ವಿಷಯ ನನಗೆ ತುಂಬಾ ಇಷ್ಟ. ಉದ್ದದ ಶಾಟ್ ಅಂದರೆ ಕಲಾತ್ಮಕ ಚಿತ್ರ, ಚಿಕ್ಕ ಶಾಟ್ ಅಂದರೆ ಕಮರ್ಷಿಯಲ್ ಚಿತ್ರ ಅನ್ನುವ ಮಾತು ನಿಜವಲ್ಲ. ಮಾಸ್ ಸಿನಿಮಾಗಳಲ್ಲಿ ಹೀರೋ ಎಂಟ್ರಿ ನೋಡಿ. ಮೊದಲು ಕಾಲು ಕಾಣುತ್ತದೆ. ಆಮೇಲೆ ಬೆನ್ನು, ಆಮೇಲೆ ಕೈ, ಎದುರಿಗಿದ್ದವರ ಭಯ. ಮುಖ ಮಾತ್ರ ತೋರಿಸುವುದಿಲ್ಲ. ಅದು ಪೂರ್ತಿ ಕಾಯಿಸುವ ಕಲೆ. ಥಿಯೇಟರ್‌ನಲ್ಲಿ ಶಿಳ್ಳೆ ಬೀಳುವುದು ಆ ಮುಖಕ್ಕೆ ಎಷ್ಟೋ, ಕಾದ ಆ ಹೊತ್ತಿಗೂ ಅಷ್ಟೇ. ನನಗೆ ಇಂಥ ಚಿತ್ರ ಮೊದಲ ದಿನವೇ ತುಂಬಿದ ಥಿಯೇಟರ್‌ನಲ್ಲಿ ನೋಡಬೇಕು. ಮನೆಯಲ್ಲಿ ಒಬ್ಬಳೇ ನೋಡಿದರೆ ಆ ಲೆಕ್ಕ ಕೈಗೆ ಸಿಗುವುದಿಲ್ಲ.

ಇನ್ನೊಂದು ಕಡೆ, ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ ನಾನು ಮತ್ತೆ ಮತ್ತೆ ಹೋಗುತ್ತೇನೆ. 1977ರ ಕಪ್ಪು ಬಿಳುಪು ಚಿತ್ರ. ಯು.ಆರ್. ಅನಂತಮೂರ್ತಿಯವರ ಕಥೆ. ಒಬ್ಬ ವಿಧವೆಯ ಬದುಕು ಕುಸಿಯುವುದನ್ನು ನಾಣಿ ಅನ್ನುವ ಪುಟ್ಟ ಹುಡುಗನ ಕಣ್ಣಿನ ಮೂಲಕ ನೋಡುತ್ತೇವೆ. ಹುಡುಗನಿಗೆ ಎಲ್ಲವೂ ಅರ್ಥವಾಗುವುದಿಲ್ಲ. ನಮಗೆ ಅರ್ಥವಾಗುತ್ತದೆ. ಅವನಿಗೆ ಅರ್ಥವಾಗದ್ದನ್ನು ಅವನ ಜೊತೆ ನಿಂತು ನೋಡುವಾಗ ಆಗುವ ಸಂಕಟವನ್ನು ಯಾವ ಸಂಭಾಷಣೆಯೂ ಕೊಡಲಾರದು. ಆ ಚಿತ್ರದ ಪ್ರಿಂಟನ್ನು ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು ಅಂತ ಓದಿದಾಗ ನನ್ನದೇ ಮನೆಯ ಸುದ್ದಿ ಅನ್ನುವಷ್ಟು ಖುಷಿಯಾಗಿತ್ತು. ಮೇಷ್ಟ್ರನ್ನು ಹಾಕಿಕೊಳ್ಳುವ ಧೈರ್ಯ ಬಂದದ್ದು ‘ತಿಥಿ’ಯಿಂದ. ರಾಮ್ ರೆಡ್ಡಿ ಆ ಚಿತ್ರದಲ್ಲಿ ವೃತ್ತಿಯ ನಟರನ್ನು ಬಿಟ್ಟು ಹಳ್ಳಿಯ ಜನರಿಂದಲೇ ನಟನೆ ಮಾಡಿಸಿದ್ದರು. 2015ರಲ್ಲಿ ಅದಕ್ಕೆ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿಯೂ ಬಂತು.

ಶೂಟಿಂಗ್ ಮಾಡಿದ್ದು ಫೋನಿನಲ್ಲಿ. ಫೋನ್ ಅಂದರೆ ಸುಲಭ ಅಂತ ಜನ ಅಂದುಕೊಳ್ಳುತ್ತಾರೆ. ಫೋನಿಗೆ ತನ್ನದೇ ಬುದ್ಧಿ ಇದೆ. ಬಾಗಿಲು ತೆರೆದ ತಕ್ಷಣ ಅದು ತಾನೇ ಬೆಳಕು ಕಡಿಮೆ ಮಾಡುತ್ತದೆ, ಬಣ್ಣ ಬದಲಿಸುತ್ತದೆ, ಯಾರಾದರೂ ಅಡ್ಡ ಬಂದರೆ ಫೋಕಸ್ ಅತ್ತ ಓಡಿಸುತ್ತದೆ. ಹಾಗಾಗಿ ಎಲ್ಲವನ್ನೂ ಕೈಯಲ್ಲಿ ಇಟ್ಟುಕೊಳ್ಳಲು ಬಿಡುವ ಆ್ಯಪ್ ಬೇಕು. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿದೆ. ಇನ್ನೊಂದು ತೊಂದರೆ ಟ್ಯೂಬ್‌ಲೈಟಿನದು. 50 ಹರ್ಟ್ಸ್ ಕರೆಂಟ್ ಇರುವ ಕಡೆ ಇಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ. ಪರದೆಯ ಮೇಲೆ ಪಟ್ಟೆ ಪಟ್ಟೆ ಓಡುತ್ತದೆ. ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ಶಟರ್ ತೆರೆದಿರುವ ಹೊತ್ತು ಸೆಕೆಂಡಿನ 1/50 ಭಾಗಕ್ಕೆ ಇಟ್ಟರೆ ಆ ಪಟ್ಟೆ ಹೋಗುತ್ತದೆ. ಥಿಯೇಟರ್ ಸಿನಿಮಾದ 24 ಫ್ರೇಮೇ ಬೇಕು ಅನ್ನುವ ಆಸೆಯನ್ನು ನಾನು ಇಲ್ಲಿ ಬಿಟ್ಟೆ.

ಶಬ್ದಕ್ಕೆ ಬೇರೆ ರೆಕಾರ್ಡರ್. ಕ್ಲ್ಯಾಪ್ ಬೋರ್ಡ್ ಇಲ್ಲ, ಕೈಯಲ್ಲೇ ಚಪ್ಪಾಳೆ. ಚಪ್ಪಾಳೆಯ ಸದ್ದನ್ನೂ ಅಂಗೈ ಸೇರಿದ ಫ್ರೇಮನ್ನೂ ಎಡಿಟಿಂಗ್‌ನಲ್ಲಿ ಒಂದಕ್ಕೊಂದು ಸೇರಿಸಿದರೆ ಆಯಿತು. ಫ್ಯಾನ್ ಆಫ್, ಫ್ರಿಜ್ ಆಫ್. ದೃಶ್ಯ ಮುಗಿದ ಮೇಲೆ ಎಲ್ಲರೂ ಇದ್ದಲ್ಲೇ ಒಂದು ನಿಮಿಷ ಅಲ್ಲಾಡದೆ ನಿಲ್ಲಬೇಕು. ಇದಕ್ಕೆ ರೂಮ್ ಟೋನ್ ಅನ್ನುತ್ತಾರೆ. ಖಾಲಿ ಕೋಣೆಗೂ ಒಂದು ಸದ್ದಿರುತ್ತದೆ. ಎರಡು ಮಾತಿನ ನಡುವೆ ಪೂರ್ತಿ ನಿಶ್ಶಬ್ದ ಇಟ್ಟರೆ ಯಾರೋ ಸ್ಪೀಕರ್ ಆಫ್ ಮಾಡಿದ ಹಾಗೆ ಕೇಳುತ್ತದೆ. ಆ ಜಾಗಕ್ಕೆ ಈ ಒಂದು ನಿಮಿಷದ ಸದ್ದನ್ನು ತುಂಬಬೇಕು. ಮೇಷ್ಟ್ರಿಗೆ ಇಡೀ ಶೂಟಿಂಗ್‌ನಲ್ಲಿ ತುಂಬಾ ಹಿಡಿಸಿದ್ದು ಇದೇ. ಪ್ರತಿ ಸಲ “ಈಗ ಕೋಣೆಯ ಪಾತ್ರ ಅಲ್ವಾ?” ಅಂತ ಕೇಳಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು.

ರೀಲಿನ ಕಾಲದಲ್ಲಿ 1000 ಅಡಿಯ 35 ಎಂಎಂ ಫಿಲ್ಮ್ ಓಡುತ್ತಿದ್ದುದು ಸುಮಾರು 11 ನಿಮಿಷ. ಅದಕ್ಕಿಂತ ಹಿಂದೆ, 1895ರ ಡಿಸೆಂಬರ್‌ನಲ್ಲಿ ಲೂಮಿಯೇರ್ ಸಹೋದರರು ಪ್ಯಾರಿಸ್‌ನಲ್ಲಿ ಟಿಕೆಟ್ ಇಟ್ಟು ತೋರಿಸಿದ ಚಿತ್ರಗಳು ಒಂದೊಂದೂ ಒಂದು ನಿಮಿಷದೊಳಗೇ ಮುಗಿಯುತ್ತಿದ್ದವು. ಎಷ್ಟು ಹೊತ್ತು ನೋಡಬೇಕು ಅನ್ನುವುದನ್ನು ಯಂತ್ರವೇ ಹೇಳುತ್ತಿತ್ತು. ಡಿಜಿಟಲ್ ಬಂದ ಮೇಲೆ ಆ ಗಡಿ ಹೋಯಿತು. ಅಲೆಕ್ಸಾಂಡರ್ ಸೊಕುರೊವ್ ಅವರ 2002ರ ‘ರಷ್ಯನ್ ಆರ್ಕ್’ ಒಂದೂವರೆ ಗಂಟೆಗೂ ಮೀರಿದ ಒಂದೇ ಶಾಟ್. ಈಗ ನನ್ನ ಫೋನ್ ಕೂಡ ಬ್ಯಾಟರಿ ಮತ್ತು ಜಾಗ ಇರುವವರೆಗೂ ಓಡುತ್ತಲೇ ಇರುತ್ತದೆ. ನಿಲ್ಲಿಸುವ ಹೊಣೆ ನಮ್ಮದು.

ಅದರಿಂದ ನನಗೆ ಸಿಕ್ಕಿದ್ದು ಹೇಳುತ್ತೇನೆ. ಅಪ್ಪ ಬೀಗದ ಕೈಯನ್ನು ಮಗಳಿಗೆ ಕೊಟ್ಟು ಹೊರಡುವ ದೃಶ್ಯ. ಸ್ಕ್ರಿಪ್ಟ್ ಪ್ರಕಾರ ಮೇಷ್ಟ್ರು ಮೆಟ್ಟಿಲು ಇಳಿದರೆ ಮುಗಿಯಿತು. ಅವರು ಇಳಿದರು. ನಾನು ಕಟ್ ಹೇಳಲಿಲ್ಲ, ನೋಡೋಣ ಅಂತ ಕಾದೆ. ಮೇಷ್ಟ್ರು ನಾಲ್ಕು ಹೆಜ್ಜೆ ಹೋಗಿ ನಿಂತರು. ಕೈ ತಾನಾಗಿ ಶರ್ಟಿನ ಜೇಬಿಗೆ ಹೋಯಿತು. ಬೀಗದ ಕೈ ಇದೆಯಾ ಅಂತ ಮುಟ್ಟಿ ನೋಡಿಕೊಂಡರು. ಇಲ್ಲ. ಕೊಟ್ಟಾಗಿದೆ ಅನ್ನುವುದು ನೆನಪಾಗಿ ಕೈ ಕೆಳಗಿಳಿಯಿತು. ಆಮೇಲೆ ತಿರುಗಿ, “ಯಾಕಮ್ಮಾ, ಕಟ್ ಹೇಳ್ಲೇ ಇಲ್ಲ?” ಅಂದರು.

ಅದು ನಟನೆ ಅಲ್ಲ. ಎಷ್ಟೋ ವರ್ಷ ಮನೆಗೆ ಬೀಗ ಹಾಕಿ ಹೊರಟ ಮನುಷ್ಯನ ಅಭ್ಯಾಸ. ಅದನ್ನು ನಾನು ಬರೆಯಲು ಸಾಧ್ಯವೇ ಇರಲಿಲ್ಲ. ಅಂಥದ್ದೊಂದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಎಐ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಆ ಜೇಬು ನೆನಪಾಗುತ್ತದೆ. 2024ರ ಫೆಬ್ರವರಿಯಲ್ಲಿ ಓಪನ್‌ಎಐ ಕಂಪನಿ ‘ಸೋರಾ’ವನ್ನು ತೋರಿಸಿತು. ನಾಲ್ಕು ಸಾಲು ಬರೆದು ಕೊಟ್ಟರೆ ಒಂದು ನಿಮಿಷದವರೆಗಿನ ವಿಡಿಯೋ. ಆ ತುಣುಕುಗಳನ್ನು ನೋಡಿ ನಮ್ಮ ಆಫೀಸಿನಲ್ಲಿ ಎಲ್ಲರೂ ಸ್ವಲ್ಪ ಹೊತ್ತು ಕೆಲಸ ನಿಲ್ಲಿಸಿದ್ದೆವು. ಭಯ ಆಗಿದ್ದು ನಿಜ. ಅದರ ಹಿಂದಿನ ವರ್ಷ ಹಾಲಿವುಡ್‌ನ ಬರಹಗಾರರು 148 ದಿನ, ನಟರು 118 ದಿನ ಮುಷ್ಕರ ಮಾಡಿದ್ದರು. ಆಗ ನಾನು ಆ ಸುದ್ದಿಯನ್ನು ದಿನವೂ ಹುಡುಕಿ ಓದುತ್ತಿದ್ದೆ. ಯಂತ್ರ ಬರೆದದ್ದಕ್ಕೆ ಬರಹಗಾರರ ಸ್ಥಾನ ಇಲ್ಲ, ನಟರ ಡಿಜಿಟಲ್ ನಕಲು ಮಾಡಬೇಕಾದರೆ ಅವರ ಒಪ್ಪಿಗೆ ಮತ್ತು ಸಂಭಾವನೆ ಬೇಕು ಅನ್ನುವಂಥ ಷರತ್ತುಗಳನ್ನು ಅವರು ಒಪ್ಪಂದದಲ್ಲಿ ಸೇರಿಸಿಕೊಂಡರು. ಅವರಿಗೆ ಸಂಘ ಇತ್ತು. ನಮ್ಮಂಥ ಸಣ್ಣ ಎಡಿಟರ್‌ಗಳಿಗೆ ಅಂಥದ್ದೇನೂ ಇಲ್ಲ. ಜಾಹೀರಾತಿನ ಹಿನ್ನೆಲೆಗೆ ಬೇಕಾದ ಬೆಟ್ಟ, ಸಮುದ್ರ, ಜನಸಂದಣಿ ಈಗಾಗಲೇ ಯಂತ್ರದಿಂದ ಬರುತ್ತಿದೆ. ಮೊದಲು ಅಂಥ ಶಾಟ್ ತೆಗೆಯುತ್ತಿದ್ದ ಹುಡುಗರಿಗೆ ಕರೆ ಹೋಗುವುದು ಕಡಿಮೆಯಾಗಿದೆ. ಇದನ್ನು ‘ಕಾಲ ಬದಲಾಯಿತು’ ಅಂತ ಒಂದು ಮಾತಿನಲ್ಲಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ. ಕೆಲಸ ಕಲಿಯುವ ಮೊದಲ ಮೆಟ್ಟಿಲೇ ಅದು. ಅದನ್ನು ತೆಗೆದರೆ ನಾಳೆಯ ಕ್ಯಾಮೆರಾಮನ್ ಎಲ್ಲಿಂದ ಬರಬೇಕು?

ಆದರೂ ಆ ಜೇಬಿನ ಶಾಟ್ ಮಾಡಿಕೊಡು ಅಂತ ನಾನು ಯಂತ್ರಕ್ಕೆ ಹೇಗೆ ಕೇಳಲಿ? ಕೇಳಬೇಕಾದರೆ ಮೊದಲು ಅದು ನನಗೆ ಗೊತ್ತಿರಬೇಕಲ್ಲ. ಮೇಷ್ಟ್ರು ಅಲ್ಲಿದ್ದರು, ನಾನು ಅಲ್ಲಿದ್ದೆ, ಕ್ಯಾಮೆರಾ ಓಡುತ್ತಿತ್ತು. ಅದಕ್ಕೇ ಅದು ಸಿಕ್ಕಿತು.

ಸುದ್ದಿ ನೋಡುವಾಗಲೂ ನನ್ನ ತಲೆಯಲ್ಲಿ ಇದೇ ಓಡುತ್ತದೆ. 2020ರ ಮೇ ತಿಂಗಳಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಕುತ್ತಿಗೆಯ ಮೇಲೆ ಮೊಣಕಾಲು ಊರಿ ಕೂತು ಅವರ ಪ್ರಾಣ ತೆಗೆದಾಗ, ಅಲ್ಲಿ ನಿಂತು ಫೋನಿನಲ್ಲಿ ರೆಕಾರ್ಡ್ ಮಾಡಿದವಳು 17 ವರ್ಷದ ಡಾರ್ನೆಲ್ಲಾ ಫ್ರೇಜಿಯರ್. ಪೊಲೀಸರ ಮೊದಲ ಹೇಳಿಕೆಯಲ್ಲಿ ಇದ್ದದ್ದು ಆ ವ್ಯಕ್ತಿಗೆ ಆರೋಗ್ಯದ ತೊಂದರೆ ಆಯಿತು ಅನ್ನುವ ಅರ್ಥದ ಮಾತು. ಮೊಣಕಾಲು ಅಲ್ಲಿದ್ದ ಹೊತ್ತು, ಕೋರ್ಟಿನಲ್ಲಿ ಸರ್ಕಾರಿ ವಕೀಲರು ಹೇಳಿದ ಲೆಕ್ಕದಲ್ಲಿ, 9 ನಿಮಿಷ 29 ಸೆಕೆಂಡು. ಆ ಹುಡುಗಿ ಹತ್ತು ಸೆಕೆಂಡು ತೆಗೆದು ಫೋನ್ ಜೇಬಿಗೆ ಹಾಕಿಕೊಂಡಿದ್ದರೆ ಆ ಕೃತ್ಯದ ಉದ್ದ ಲೋಕಕ್ಕೆ ಹೀಗೆ ಕಾಣುತ್ತಲೇ ಇರಲಿಲ್ಲ. ಅವಳು ಅಲ್ಲಿಂದ ಹೋಗಲಿಲ್ಲ. ಫೋನ್ ಹಿಡಿದು ನಿಂತಳು. 2021ರಲ್ಲಿ ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಕೊಡುವ ಪುಲಿಟ್ಜರ್ ಮಂಡಳಿ ಅವಳನ್ನು ವಿಶೇಷವಾಗಿ ಗೌರವಿಸಿತು. ನನ್ನ ಮಟ್ಟಿಗೆ ಈ ಕಾಲದ ಅತಿ ಮುಖ್ಯವಾದ ಶಾಟ್ ಅದು. ತೆಗೆದವಳು ಸಿನಿಮಾದವಳಲ್ಲ.

ಈಗ ಫೋನಿಗೆ ಬರುವ ಜಗಳ, ಗಲಾಟೆ, ಭಾಷಣದ ತುಣುಕುಗಳನ್ನು ನಾನು ಎಡಿಟರ್ ಕಣ್ಣಿನಲ್ಲೇ ನೋಡುತ್ತೇನೆ. ಎಲ್ಲಿ ಶುರುವಾಗಿದೆ? ಹೊಡೆತ ಬೀಳುವ ಮುಂಚೆ ಏನಿತ್ತು? ಮಾತು ಪೂರ್ತಿಯಾಯಿತಾ, ಅಥವಾ ಉಸಿರು ಎಳೆದುಕೊಳ್ಳುವಲ್ಲೇ ಕತ್ತರಿಸಿದ್ದಾರಾ? ಯಾರದೇ ಭಾಷಣದಿಂದ ‘ಆದರೆ’ ಅನ್ನುವುದರ ಹಿಂದಿನದ್ದನ್ನು ಮಾತ್ರ ಇಟ್ಟುಕೊಂಡರೆ ಸಾಕು, ಅರ್ಥ ತಲೆಕೆಳಗಾಗುತ್ತದೆ. ಅದಕ್ಕೆ ಎಐ ಕೂಡ ಬೇಡ, ಒಂದು ಕಟ್ ಸಾಕು. ಉದ್ದದ ವಿಡಿಯೋ ಸಿಗುವವರೆಗೆ ನಾನು ಅಂಥದ್ದನ್ನು ಯಾರಿಗೂ ಕಳಿಸುವುದಿಲ್ಲ. ಮನೆಯವರಿಗೂ ಇದನ್ನೇ ಹೇಳುತ್ತಿರುತ್ತೇನೆ. ಅಮ್ಮ ಈಗ ತಾವೇ “ಇದರ ಮುಂದಿನದು ಎಲ್ಲಿ?” ಅಂತ ಕೇಳುತ್ತಾರೆ.

ಎಡಿಟಿಂಗ್‌ಗೆ ಬರುತ್ತೇನೆ. ಎಲ್ಲ ದೃಶ್ಯಗಳನ್ನು ಸ್ಕ್ರಿಪ್ಟಿನ ಕ್ರಮದಲ್ಲಿ ಜೋಡಿಸಿದಾಗ ಚಿತ್ರ 17 ನಿಮಿಷ ಬಂತು. ಅಪ್ಪನ ಆಫೀಸು, ಮಗಳು ಬಸ್ಸಿನಲ್ಲಿ ಬರುವುದು, ಅವಳಿಗೆ ಬಂದ ಕೆಲಸದ ಪತ್ರ, ಎಲ್ಲ ಹೋಯಿತು. ಬಾಗಿಲು ಮಾತ್ರ ಉಳಿಯಿತು. ಇಷ್ಟಪಟ್ಟು ತೆಗೆದ ಶಾಟ್ ತೆಗೆದುಹಾಕುವುದು ಕಷ್ಟ. ಬಸ್ಸಿನ ಕಿಟಕಿಯ ಮೇಲೆ ಬೆಳಗಿನ ಬೆಳಕು ಬಿದ್ದ ಒಂದು ಶಾಟ್ ಈಗಲೂ ನನ್ನ ಹಾರ್ಡ್ ಡಿಸ್ಕಿನಲ್ಲಿದೆ.

ಜೇಬಿನ ಶಾಟ್ ಹಾಗೇ ಇಟ್ಟರೆ 14 ಸೆಕೆಂಡು. ಜೊತೆಗೆ ಕೆಲಸ ಮಾಡುವ ಗೆಳೆಯ ನೋಡಿ, ಐದಕ್ಕೆ ಇಳಿಸು ಅಂದ. ಮಧ್ಯೆ ಮಗಳ ಮುಖದ ಒಂದು ಕ್ಲೋಸ್‌ಅಪ್ ಹಾಕು, ಕಣ್ಣೀರಿದ್ದರೆ ಇನ್ನೂ ಒಳ್ಳೆಯದು ಅಂದ. ಎರಡು ಬಗೆಯಲ್ಲೂ ಮಾಡಿ ನೋಡಿದೆ. 1920ರ ಆಸುಪಾಸಿನಲ್ಲಿ ರಷ್ಯಾದ ನಿರ್ದೇಶಕ ಲೆವ್ ಕುಲೆಶೊವ್ ಮಾಡಿದ ಪ್ರಯೋಗ ಎಡಿಟಿಂಗ್ ಕಲಿಯುವ ಎಲ್ಲರಿಗೂ ಗೊತ್ತು. ಒಬ್ಬ ನಟನ ಒಂದೇ ಮುಖವನ್ನು ಬೇರೆ ಬೇರೆ ಚಿತ್ರಗಳ ಪಕ್ಕ ಇಟ್ಟರೆ ಜನ ಅದರಲ್ಲಿ ಬೇರೆ ಬೇರೆ ಭಾವ ಕಂಡರು. ಮುಖ ಬದಲಾಗಿಯೇ ಇರಲಿಲ್ಲ. ಅರ್ಧ ಕೆಲಸ ನೋಡುವವರ ಮನಸ್ಸಿನದು. ಮಗಳ ಅಳು ತೋರಿಸಿದರೆ ಅಪ್ಪನ ಜೇಬಿಗೆ ನಾನೇ ಅರ್ಥ ಬರೆದುಕೊಟ್ಟಂತೆ. ನೋಡುವವರಿಗೆ ಅಲ್ಲಿ ಕೆಲಸವೇ ಉಳಿಯುವುದಿಲ್ಲ.

ಸರಿ ಅಂತ ಪರೀಕ್ಷೆಗೆ ಕೆಲವರನ್ನು ಮನೆಗೆ ಕರೆದು ತೋರಿಸಿದೆ. ಹೇಗಿತ್ತು ಅಂತ ಕೇಳಲಿಲ್ಲ. ಪರಿಚಯದವರು ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ನಾನು ಪರದೆಯ ಪಕ್ಕ ಕೂತು ಅವರ ಮುಖ ನೋಡಿದೆ. ಯಾವಾಗ ಕುರ್ಚಿಯಲ್ಲಿ ಮಗ್ಗುಲು ಬದಲಿಸುತ್ತಾರೆ, ಯಾವಾಗ ಕೈ ಫೋನಿನ ಕಡೆ ಹೋಗುತ್ತದೆ ಅಂತ ಸಮಯದ ಜೊತೆ ಬರೆದುಕೊಂಡೆ. ಐದು ಸೆಕೆಂಡಿನ ರೂಪದಲ್ಲಿ ಆ ಶಾಟ್ ಯಾರಿಗೂ ತಾಗದೆ ಹೋಯಿತು. 14 ಸೆಕೆಂಡಿನದರಲ್ಲಿ ಎಂಟು ಒಂಬತ್ತರ ಹೊತ್ತಿಗೆ ಇದೇನು ಅನ್ನುವ ಹಾಗೆ ಕಣ್ಣು ಕಿರಿದಾಗುತ್ತಿತ್ತು, ಕೈ ಜೇಬಿಗೆ ಹೋದಾಗ ಮುಖ ಮೆತ್ತಗಾಗುತ್ತಿತ್ತು. 14 ಉಳಿಯಿತು. ಫೋನಿನ ಕಡೆ ಕೈ ಹೋದದ್ದು ನಾನು ಊಹಿಸಿಯೇ ಇರದ ಕಡೆ, ಮೊದಲ ನಿಮಿಷದಲ್ಲಿ. ಹಾಗಾಗಿ ಅಲ್ಲಿ 20 ಸೆಕೆಂಡು ಕಡಿಮೆ ಮಾಡಿದೆ. ಹಗಲಿನ ಕೆಲಸದ ಅಭ್ಯಾಸ ಅಲ್ಲಿ ಸಹಾಯಕ್ಕೆ ಬಂತು.

ಬಣ್ಣ, ಶಬ್ದದ ಮಿಕ್ಸಿಂಗ್, ಸಬ್‌ಟೈಟಲ್ ಎಲ್ಲ ಆದ ಮೇಲೆ ಚಿತ್ರೋತ್ಸವಗಳಿಗೆ ಕಳಿಸುವ ಕೆಲಸ. ಆಸ್ಕರ್ ನಿಯಮದಲ್ಲಿ ಪರದೆಯ ಮೇಲೆ ಬರುವ ಕೆಲಸ ಮಾಡಿದವರ ಹೆಸರುಗಳೆಲ್ಲ ಸೇರಿ 40 ನಿಮಿಷದವರೆಗೂ ಕಿರುಚಿತ್ರವೇ. ಆದರೆ ಎರಡು ಚಿತ್ರಗಳ ನಡುವೆ ಕೂರಿಸಲು ಆಯೋಜಕರಿಗೆ ಚಿಕ್ಕದೇ ಅನುಕೂಲ. ಮೊದಲೇ ಆನ್‌ಲೈನ್‌ನಲ್ಲಿ ಹಾಕಿದ ಚಿತ್ರವನ್ನು ಕೆಲವು ಕಡೆ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಯಾರಿಗೂ ಲಿಂಕ್ ಕೊಡದೆ ಕಾಯಬೇಕು. ಹೆಚ್ಚಿನವರಿಂದ ಇಲ್ಲ ಅನ್ನುವ ಮೇಲ್ ಬಂತು. ಒಂದು ಸಣ್ಣ ಚಿತ್ರೋತ್ಸವ ಒಪ್ಪಿಕೊಂಡಿತು.

ಅದಕ್ಕೂ ಮುಂಚೆ ಒಂದು ಗ್ರಂಥಾಲಯದ ಹಾಲ್‌ನಲ್ಲಿ ಗೆಳೆಯರು ಸೇರಿ ಒಂದು ಪ್ರದರ್ಶನ ಇಟ್ಟಿದ್ದರು. ಚಿತ್ರ ಮುಗಿದ ಮೇಲೆ ಒಬ್ಬ ಹೆಂಗಸು ಎದ್ದು, “ಅಪ್ಪನಿಗೆ ವಿಷಯ ಮೊದಲೇ ಗೊತ್ತಿತ್ತಾ?” ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬರು, “ಗೊತ್ತಿತ್ತು, ಅದಕ್ಕೇ ಜೇಬು ಮುಟ್ಟಿಕೊಂಡರು” ಅಂದರು. ಇನ್ನೊಬ್ಬರು, “ಇಲ್ಲ ರೀ, ಅದು ಬರೀ ಅಭ್ಯಾಸ. ಬೀಗದ ಕೈ ಮಾಡಿಸಿದ್ದು ಮಗಳಿಗೆ ಅನುಕೂಲ ಆಗಲಿ ಅಂತ” ಅಂದರು. ಐದಾರು ಮಂದಿ ಸೇರಿಕೊಂಡರು. ಒಬ್ಬರು ತಮ್ಮ ತಂದೆಯ ವಿಷಯ ತೆಗೆದರು. ಮೇಷ್ಟ್ರು ಮೊದಲ ಸಾಲಿನಲ್ಲೇ ಕೂತಿದ್ದರು. ಅವರನ್ನೇ ಕೇಳಿ ಅಂತ ಯಾರೋ ಹೇಳಿದಾಗ, “ನಾನು ಹೇಳಿದ್ರೆ ನೀವು ಜಗಳ ನಿಲ್ಲಿಸಿಬಿಡ್ತೀರಿ” ಅಂದು ಸುಮ್ಮನಾದರು. ಚಿತ್ರ ಒಂಬತ್ತು ನಿಮಿಷ, ಮಾತು ಮುಕ್ಕಾಲು ಗಂಟೆ ನಡೆಯಿತು.

ಈಗ ಇನ್ನೊಂದು ಚಿತ್ರದ ತಯಾರಿ ನಡೆದಿದೆ. ಆಸ್ಪತ್ರೆಯ ಹೊರಗೆ ಕಾಯುವವರ ಬಗ್ಗೆ. ಈ ಸಲ ಸ್ಕ್ರಿಪ್ಟಿಗೆ ಮೊದಲು ಶಬ್ದ. ಟೋಕನ್ ಕೂಗುವುದು, ಗಾಲಿ ಕುರ್ಚಿ ಉರುಳುವುದು, ಯಾರೋ ಫೋನಿನಲ್ಲಿ ಊರಿಗೆ ಸುದ್ದಿ ಹೇಳುವ ಧಾಟಿ, ಇವನ್ನೆಲ್ಲ ಮೊದಲು ಕೂತು ಕೇಳುತ್ತಿದ್ದೇನೆ. ಜನರ ನೋವಿನ ಮಾತನ್ನು ಕದ್ದು ರೆಕಾರ್ಡ್ ಮಾಡುವುದಿಲ್ಲ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ ಅಷ್ಟೇ. ಮೇಷ್ಟ್ರು ಆಗಲೇ ಫೋನ್ ಮಾಡಿ ಪಾತ್ರ ಇದೆಯಾ ಅಂತ ಕೇಳಿದ್ದಾರೆ. ಇದೆ ಅಂದಿದ್ದೇನೆ.